ಶಾಪಗ್ರಸ್ತ ಟ್ರೋಫಿ: ಕಪ್ ಗೆದ್ದವರು ಮುಂದಿನ ಪಂದ್ಯದಲ್ಲೇ ಸೋಲುವುದೇಕೆ?

ಬೇಸಿಗೆ ಬಂದರೆ ಬೀದರ್ ಜಿಲ್ಲೆಯ ಹಳ್ಳಿಗಳಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಗಳ ಸುಗ್ಗಿ. ಭಾಲ್ಕಿ ತಾಲ್ಲೂಕಿನ ಸಾಯಗಾಂವ ಇರಲಿ, ಔರಾದ್ ಕಡೆಯ ಯಾವುದೇ ಊರಿರಲಿ, ಕಪ್ ಗೆದ್ದ ತಂಡ ಮುಂದಿನ ಟೂರ್ನಿಯಲ್ಲಿ ಮೊದಲ ಪಂದ್ಯಕ್ಕೇ ಮನೆಗೆ ಬಂದರೆ ಕಟ್ಟೆಯ ಮೇಲೆ ಕುಳಿತವರ ತೀರ್ಪು ಸಿದ್ಧವಾಗಿರುತ್ತದೆ: "ನಜರ್ ಬಿದ್ದದ", "ಯಾರೋ ಏನೋ ಮಾಡಸ್ಯಾರ", "ಆ ಕಪ್ಪೇ ಸರಿ ಇಲ್ಲ". ಮರುದಿನ ಕ್ರೀಸಿನ ಹತ್ತಿರ ಒಂದು ಲಿಂಬಿಹಣ್ಣು ಬಿದ್ದಿದ್ದರೆ ಯಾರೂ ಆಶ್ಚರ್ಯಪಡುವುದಿಲ್ಲ.

ಇದು ನಮ್ಮ ಕಡೆಯ ಮಾತು ಮಾತ್ರವಲ್ಲ. ಅಮೆರಿಕದಲ್ಲಿ ಡಿಸ್ಕ್ ಗಾಲ್ಫ್ ಆಡುವ ಸಣ್ಣ ಲೀಗ್‌ಗಳಲ್ಲಿ ಹಾರರ್ ಸಿನಿಮಾದ ಮುಖವಾಡ, ಗೊಂಬೆ, ತಲೆಬುರುಡೆ ಅಂಟಿಸಿದ 'ಶಾಪಗ್ರಸ್ತ' ಟ್ರೋಫಿಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವ ತಮಾಷೆ ನಡೆಯುತ್ತದೆ. ಅದನ್ನು ಮನೆಗೆ ಒಯ್ದವನ ಆಟ ಕೆಡುತ್ತದೆ ಎಂಬುದು ಅದರ ಖ್ಯಾತಿ. ಆಡುವವರು ನಗುತ್ತಲೇ ಹೇಳುತ್ತಾರೆ, ಆದರೆ ಲೆಕ್ಕ ಹಾಕಿದರೆ ಅವರ ಮಾತು ಬಹುಪಾಲು ನಿಜವೇ ಆಗಿರುತ್ತದೆ. ಟ್ರೋಫಿ ಹಿಡಿದವರು ಮುಂದಿನ ಸುತ್ತಿನಲ್ಲಿ ಹೆಚ್ಚಾಗಿ ಹಿಂದೆ ಬೀಳುತ್ತಾರೆ. ಶಾಪ ಇಲ್ಲದೆಯೇ ಹೀಗಾಗುತ್ತದೆ ಎಂಬುದೇ ಇಲ್ಲಿ ನೋಡಬೇಕಾದ ವಿಷಯ.

ಡಿಸ್ಕ್ ಗಾಲ್ಫ್ ಎಂದರೇನು?

ಗಾಲ್ಫ್‌ನ ನಿಯಮವೇ, ಆದರೆ ಚೆಂಡು ಮತ್ತು ಕೋಲಿನ ಬದಲು ಕೈಯಿಂದ ಎಸೆಯುವ ಪ್ಲಾಸ್ಟಿಕ್ ತಟ್ಟೆ. ಕುಳಿಯ ಬದಲು ಕಂಬಕ್ಕೆ ಸರಪಳಿ ಇಳಿಬಿಟ್ಟ ಬುಟ್ಟಿ. ಕಡಿಮೆ ಎಸೆತದಲ್ಲಿ ಎಲ್ಲ ಬುಟ್ಟಿ ಮುಗಿಸಿದವನು ಗೆದ್ದ. ಫ್ರಿಸ್ಬೀ ತಟ್ಟೆಗೆ ಈಗಿನ ರೂಪ ಕೊಟ್ಟ ಎಡ್ ಹೆಡ್ರಿಕ್ ಎಂಬಾತ ಈ ಆಟಕ್ಕೂ ಬುನಾದಿ ಹಾಕಿದ. 1976ರಲ್ಲಿ ಅದರ ವೃತ್ತಿಪರ ಸಂಘ ಹುಟ್ಟಿದ್ದೂ ಅವನಿಂದಲೇ. 2002ರಲ್ಲಿ ಆತ ತೀರಿಕೊಂಡಾಗ ಅವನ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್‌ಗೆ ಬೆರೆಸಿ ಡಿಸ್ಕ್‌ಗಳನ್ನು ಮಾಡಿದರು. ಹಾಗಾಗಿ ಈ ಆಟದವರಿಗೆ ಸಾವು, ಭೂತದ ತಮಾಷೆ ಅಷ್ಟೇನೂ ದೂರದ್ದಲ್ಲ.

ಕ್ರಿಕೆಟ್‌ನವರೂ ಕಡಿಮೆಯಿಲ್ಲ. 1882ರಲ್ಲಿ ಓವಲ್ ಮೈದಾನದಲ್ಲಿ ಆಸ್ಟ್ರೇಲಿಯಾ ಎದುರು ಇಂಗ್ಲೆಂಡ್ ಸೋತಾಗ ಲಂಡನ್ನಿನ ಪತ್ರಿಕೆಯೊಂದು ಇಂಗ್ಲಿಷ್ ಕ್ರಿಕೆಟ್ ಸತ್ತಿತೆಂದು ಅಣಕು ಮರಣವಾರ್ತೆ ಅಚ್ಚು ಮಾಡಿತು. ದೇಹವನ್ನು ಸುಟ್ಟು ಬೂದಿಯನ್ನು ಆಸ್ಟ್ರೇಲಿಯಾಕ್ಕೆ ಒಯ್ಯಲಾಗುವುದು ಎಂದಿತ್ತು. ಆ ತಮಾಷೆಯೇ ಇಂದಿನ ಆ್ಯಶಸ್. ಒಂದು ಗೇಣೂ ಇಲ್ಲದ ಆ ಪುಟ್ಟ ಮಡಿಕೆಗಾಗಿ ಎರಡು ದೇಶಗಳು ಇಂದಿಗೂ ಕಾದಾಡುತ್ತವೆ.

ಲೀಗ್‌ಗಳಲ್ಲಿ ಇನ್ನೊಂದು ಪದ್ಧತಿ ಇದೆ. ಆಟಗಾರರ ಚೀಲಕ್ಕೆ ನಂಬರಿನ ಬಿಲ್ಲೆ ತಗುಲಿಸಿರುತ್ತಾರೆ. ಪ್ರತಿ ವಾರ ಆಟ ಮುಗಿದ ಮೇಲೆ ಅಂದಿನ ಅಂಕದಂತೆ ಬಿಲ್ಲೆಗಳು ಕೈ ಬದಲಾಗುತ್ತವೆ. 1ನೇ ನಂಬರಿನ ಬಿಲ್ಲೆ ಒಬ್ಬನ ಬಳಿ ಬಹಳ ದಿನ ನಿಲ್ಲುವುದಿಲ್ಲ. ಶಾಪದ ಟ್ರೋಫಿಯದೂ ಇದೇ ಹಣೆಬರಹ.

ಮನೆಯಲ್ಲೇ ಮಾಡಿ ನೋಡಬಹುದಾದ ಪರೀಕ್ಷೆ

ಹತ್ತು ಮಂದಿಯನ್ನು ಕೂಡಿಸಿ. ಎಲ್ಲರಿಗೂ ಎರಡೆರಡು ದಾಳ ಕೊಡಿ. ಒಂದು ಸಲ ಎಲ್ಲರೂ ಎಸೆಯಲಿ. ಅತಿ ಹೆಚ್ಚು ಬಿದ್ದವರಿಗೆ ಒಂದು ಸ್ಟೀಲ್ ಲೋಟವನ್ನು 'ಟ್ರೋಫಿ' ಎಂದು ಕೊಡಿ. ಹತ್ತು ಮಂದಿಯಲ್ಲಿ ಗೆದ್ದವರ ಮೊತ್ತ ಸಾಮಾನ್ಯವಾಗಿ 10, 11 ಅಥವಾ 12 ಇರುತ್ತದೆ. ಈಗ ಲೋಟ ಹಿಡಿದವರು ಮತ್ತೆ ಎಸೆಯಲಿ. ಎರಡು ದಾಳದ ಸರಾಸರಿ 7. ಮೊದಲು 11 ಬಿದ್ದಿದ್ದರೆ ಎರಡನೇ ಸಲ ಅದಕ್ಕಿಂತ ಕಡಿಮೆ ಬೀಳುವ ಸಾಧ್ಯತೆ 36ರಲ್ಲಿ 33, ಅಂದರೆ 12 ಸಲಕ್ಕೆ 11 ಸಲ.

ಲೋಟಕ್ಕೆ ಶಾಪ ತಟ್ಟಿಲ್ಲ, ದಾಳಕ್ಕೆ ನೆನಪಿಲ್ಲ. ನಾವು ಮಾಡಿದ್ದಿಷ್ಟೇ: ಒಬ್ಬರ ಅತ್ಯುತ್ತಮ ಗಳಿಗೆಯನ್ನು ಆರಿಸಿಕೊಂಡು ಅದೇ ಗಳಿಗೆಯಲ್ಲಿ ಕೈಗೆ ಒಂದು ವಸ್ತು ಕೊಟ್ಟೆವು. ಅಲ್ಲಿಂದ ಮುಂದೆ ದಾರಿ ಇಳಿಜಾರೇ.

ಆಟದಲ್ಲಿ ಕೌಶಲವೂ ಇರುತ್ತದೆ, ಎಲ್ಲವೂ ದಾಳವಲ್ಲ ನಿಜ. ಆದರೆ ಒಂದು ದಿನದ ಫಲಿತಾಂಶದಲ್ಲಿ ಕೌಶಲದ ಜೊತೆ ಗಾಳಿ, ನೆಲ, ನಿದ್ದೆ, ಎದುರಾಳಿಯ ಕೆಟ್ಟ ದಿನ, ಅಂಪೈರಿನ ಒಂದು ತೀರ್ಪು ಎಲ್ಲ ಸೇರಿರುತ್ತವೆ. ಸಾಮಾನ್ಯವಾಗಿ 60 ಎಸೆತದಲ್ಲಿ ಸುತ್ತು ಮುಗಿಸುವವನು ಒಂದು ದಿನ 54ರಲ್ಲಿ ಮುಗಿಸಿ ಟ್ರೋಫಿ ಗೆದ್ದ ಎನ್ನಿ. ಆ 6 ಎಸೆತದ ಲಾಭದಲ್ಲಿ ಒಂದು ಪಾಲು ಅಭ್ಯಾಸದ್ದು, ಉಳಿದದ್ದು ಅಂದಿನ ಅದೃಷ್ಟದ್ದು. ಮುಂದಿನ ವಾರ ಅಭ್ಯಾಸ ಜೊತೆಗೆ ಬರುತ್ತದೆ, ಅದೃಷ್ಟ ಬರಲೇಬೇಕೆಂದಿಲ್ಲ. ಅವನು 59ರಲ್ಲಿ ಮುಗಿಸಿದರೆ ಅದು ಅವನ ಮಟ್ಟಿಗೆ ಒಳ್ಳೆಯ ಆಟವೇ. ಆದರೆ ನೋಡುವವರ ಕಣ್ಣಿಗೆ ಟ್ರೋಫಿ ಮನೆಗೆ ಬಂತು, ಆಟ ಕೆಟ್ಟಿತು.

ತಂಡಗಳ ಲೆಕ್ಕ ಇನ್ನೂ ಸರಳ. ಎಂಟು ಸಮಬಲದ ತಂಡಗಳು ಆಡುವ ಟೂರ್ನಿಯಲ್ಲಿ ಕಳೆದ ಸಲ ಗೆದ್ದ ತಂಡ ಈ ಸಲವೂ ಗೆಲ್ಲುವ ಸಾಧ್ಯತೆ ಎಂಟರಲ್ಲಿ ಒಂದು. ಎಂಟು ವರ್ಷದಲ್ಲಿ ಏಳು ಸಲ 'ಕಪ್ ಬಂದ ಮೇಲೆ ಸೋತರು' ಎನ್ನಲು ಅವಕಾಶ. ಉಳಿದವರಿಗಿಂತ ಎರಡು ಪಟ್ಟು ಬಲವಾದ ತಂಡವಾದರೂ ಗೆಲ್ಲುವುದಕ್ಕಿಂತ ಸೋಲುವುದೇ ಹೆಚ್ಚು.

ಇದರ ಹೆಸರು

ಸಂಖ್ಯಾಶಾಸ್ತ್ರದಲ್ಲಿ ಇದನ್ನು 'ಸರಾಸರಿಯತ್ತ ಮರಳುವಿಕೆ' ಎನ್ನುತ್ತಾರೆ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರ ಅಳೆದು ಇದನ್ನು ತೋರಿಸಿದ. ಬಹಳ ಎತ್ತರದ ತಂದೆತಾಯಿಯ ಮಕ್ಕಳು ಎತ್ತರವೇ ಇರುತ್ತಾರೆ, ಆದರೆ ಸರಾಸರಿಯಲ್ಲಿ ತಂದೆತಾಯಿಯಷ್ಟಲ್ಲ. ಬಹಳ ಗಿಡ್ಡ ಇದ್ದವರ ಮಕ್ಕಳು ತುಸು ಎತ್ತರಕ್ಕೆ ಬರುತ್ತಾರೆ.

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್‌ಗೆ ಇಸ್ರೇಲ್ ವಾಯುಪಡೆಯ ತರಬೇತುದಾರರು ಇದರ ಇನ್ನೊಂದು ಮುಖ ತೋರಿಸಿದರು. ಚೆನ್ನಾಗಿ ವಿಮಾನ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಬೈದರೆ ಸುಧಾರಿಸುತ್ತಾನೆ ಎಂಬುದು ಅವರ ಅನುಭವ. ಅನುಭವ ಸುಳ್ಳಲ್ಲ, ಕಾರಣ ಸುಳ್ಳು. ಹೊಗಳಿಕೆ, ಬೈಗುಳ ಎರಡೂ ಇಲ್ಲದಿದ್ದರೂ ಹಾಗೆಯೇ ಆಗುತ್ತಿತ್ತು. ಮಕ್ಕಳನ್ನು ಹೊಗಳಿದರೆ ಕೆಡುತ್ತಾರೆ ಎಂದು ನಂಬುವ ಮನೆಗಳು ನಮ್ಮಲ್ಲಿ ಎಷ್ಟಿವೆ ಎಂದು ಯೋಚಿಸಿದರೆ ಈ ಕಥೆ ಸಣ್ಣದೆನಿಸುವುದಿಲ್ಲ.

ಅಮೆರಿಕದ 'ಸ್ಪೋರ್ಟ್ಸ್ ಇಲಸ್ಟ್ರೇಟೆಡ್' ಪತ್ರಿಕೆಯ ಮುಖಪುಟಕ್ಕೆ ಬಂದವರಿಗೆ ಕೆಡುಕಾಗುತ್ತದೆ ಎಂಬ ಮಾತು ಪ್ರಸಿದ್ಧ. 1954ರ ಆಗಸ್ಟ್‌ನ ಮೊಟ್ಟಮೊದಲ ಸಂಚಿಕೆಯ ಮುಖಪುಟದಲ್ಲಿದ್ದ ಬೇಸ್‌ಬಾಲ್ ಆಟಗಾರ ಎಡ್ಡಿ ಮ್ಯಾಥ್ಯೂಸ್ ಕೆಲವೇ ದಿನಗಳಲ್ಲಿ ಕೈಗೆ ಪೆಟ್ಟು ಮಾಡಿಕೊಂಡ. ಕಥೆ ಹೇಳುವವರು ಅಲ್ಲಿಗೆ ನಿಲ್ಲಿಸುತ್ತಾರೆ. ಅದೇ ಮ್ಯಾಥ್ಯೂಸ್ ಮುಂದೆ ವರ್ಷಗಟ್ಟಲೆ ಆಡಿ, ತನ್ನ ವೃತ್ತಿಜೀವನದಲ್ಲಿ 512 ಹೋಮ್ ರನ್ ಹೊಡೆದು, ಆ ಆಟದ ಅತ್ಯುನ್ನತ ಗೌರವ ಪಡೆದದ್ದನ್ನು ಯಾರೂ ಸೇರಿಸುವುದಿಲ್ಲ. 2002ರಲ್ಲಿ ಪತ್ರಿಕೆಯೇ ಈ ಶಾಪದ ಬಗ್ಗೆ ಸಂಚಿಕೆ ತಂದಿತು. ಕರಿಬೆಕ್ಕಿನ ಜೊತೆ ಫೋಟೋಗೆ ನಿಲ್ಲಲು ಫುಟ್‌ಬಾಲ್ ತಾರೆ ಕರ್ಟ್ ವಾರ್ನರ್ ಒಪ್ಪಲಿಲ್ಲ, ಕೊನೆಗೆ ಬೆಕ್ಕೊಂದೇ ಮುಖಪುಟಕ್ಕೆ ಬಂತು. ಯಾರನ್ನು ಮುಖಪುಟಕ್ಕೆ ಹಾಕುತ್ತಾರೆ? ಜೀವನದ ಅತ್ಯುತ್ತಮ ಫಾರ್ಮ್‌ನಲ್ಲಿ ಇರುವವರನ್ನು. ಮತ್ತೆ ದಾಳದ ಆಟವೇ.

ಫುಟ್‌ಬಾಲ್ ವಿಶ್ವಕಪ್ ಗೆದ್ದ ದೇಶಗಳು ಮುಂದಿನ ವಿಶ್ವಕಪ್‌ನಲ್ಲಿ ಗುಂಪಿನ ಹಂತದಲ್ಲೇ ಹೊರಬಿದ್ದದ್ದೂ ಹೀಗೆಯೇ ಶಾಪ ಎನಿಸಿಕೊಂಡಿತು: 2002ರಲ್ಲಿ ಫ್ರಾನ್ಸ್, 2010ರಲ್ಲಿ ಇಟಲಿ, 2014ರಲ್ಲಿ ಸ್ಪೇನ್, 2018ರಲ್ಲಿ ಜರ್ಮನಿ. 2022ರಲ್ಲಿ ಹಿಂದಿನ ವಿಜೇತ ಫ್ರಾನ್ಸ್ ಫೈನಲ್‌ವರೆಗೆ ಹೋಯಿತು. ಆಮೇಲೆ ಆ ಮಾತು ತಣ್ಣಗಾಯಿತು.

ನಮ್ಮ ಆರ್‌ಸಿಬಿ ಕಥೆ ತಿರುಗುಮುರುಗು. ಕಪ್ ಬಂದದ್ದಕ್ಕಲ್ಲ, ಬಾರದ್ದಕ್ಕೆ ಶಾಪ. 2009, 2011, 2016ರಲ್ಲಿ ಫೈನಲ್ ಸೋಲು. 2008ರಿಂದ 2024ರವರೆಗೆ 17 ಸೀಸನ್. ಎಲ್ಲ ತಂಡಗಳೂ ಸಮಬಲ ಎಂದುಕೊಂಡು, ಆಯಾ ವರ್ಷ ಆಡಿದ 8, 9 ಅಥವಾ 10 ತಂಡಗಳ ಲೆಕ್ಕದಲ್ಲಿ ನಾವು ಗುಣಿಸಿ ನೋಡಿದರೆ, ಒಂದು ತಂಡ 17 ಸಲವೂ ಬರಿಗೈಯಲ್ಲಿ ಉಳಿಯುವ ಸಾಧ್ಯತೆ ಶೇ 12ರ ಆಸುಪಾಸು. ಎಂಟು ತಂಡಗಳಿಂದ ಶುರುವಾದ ಟೂರ್ನಿಯಲ್ಲಿ ಒಂದಕ್ಕಾದರೂ ಈ ಗತಿ ಬರುವುದು ವಿಶೇಷವೇನಲ್ಲ. ಮುಂಬೈ ಮತ್ತು ಚೆನ್ನೈ ತಲಾ 5 ಕಪ್ ಒಯ್ದ ಮೇಲೆ ಉಳಿದವರಿಗೆ ಉಳಿದದ್ದೇ ಕಡಿಮೆ. ಹಾಗಾಗಿ ದೆಹಲಿ, ಪಂಜಾಬ್ ತಂಡಗಳೂ ಅದೇ ಸಾಲಿನಲ್ಲಿದ್ದವು. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ವಿರುದ್ಧ 6 ರನ್‌ಗಳಿಂದ ಗೆದ್ದು ಆರ್‌ಸಿಬಿ ಆ ಸಾಲಿನಿಂದ ಹೊರಬಂತು.

ಚಾಮರಾಜನಗರ: ಕುರ್ಚಿ ಎಂಬ ಟ್ರೋಫಿ

ಕರ್ನಾಟಕದಲ್ಲಿ ಕೈಯಿಂದ ಕೈಗೆ ದಾಟುವ ದೊಡ್ಡ ಟ್ರೋಫಿ ಎಂದರೆ ಮುಖ್ಯಮಂತ್ರಿ ಕುರ್ಚಿ. ಚಾಮರಾಜನಗರಕ್ಕೆ ಹೋದ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಎಂಬ ನಂಬಿಕೆ ದಶಕಗಳ ಕಾಲ ನಡೆಯಿತು. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ ಈ ಐದು ಹೆಸರುಗಳನ್ನು ಸಾಕ್ಷಿಯಾಗಿ ಹೇಳುತ್ತಾರೆ. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಅದರ ಉದ್ಘಾಟನೆ ನಡೆದದ್ದೂ ಆ ಊರಿನಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ.

ಆ ಐವರು ಅಧಿಕಾರ ಕಳೆದುಕೊಂಡದ್ದಕ್ಕೆ ಶಾಪ ಬೇಕಾಗಿಯೇ ಇಲ್ಲ, ಕಾರಣಗಳು ದಾಖಲೆಯಲ್ಲಿವೆ. ಅರಸು ಇಂದಿರಾ ಗಾಂಧಿಯವರಿಂದ ಬೇರೆಯಾಗಿ 1980ರ ಚುನಾವಣೆಯಲ್ಲಿ ನೆಲಕಚ್ಚಿದರು. ಗುಂಡೂರಾವ್ 1983ರ ಚುನಾವಣೆ ಸೋತರು. ಹೆಗಡೆ ದೂರವಾಣಿ ಕದ್ದಾಲಿಕೆ ವಿವಾದದಲ್ಲಿ 1988ರಲ್ಲಿ ರಾಜೀನಾಮೆ ಕೊಟ್ಟರು. ಬೊಮ್ಮಾಯಿ ಸರ್ಕಾರವನ್ನು 1989ರಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಿ ವಜಾ ಮಾಡಿದರು, ಆ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ ದೇಶದ ಸಂವಿಧಾನ ಪಾಠವೇ ಆಯಿತು. ಅನಾರೋಗ್ಯದಲ್ಲಿದ್ದ ವೀರೇಂದ್ರ ಪಾಟೀಲರನ್ನು 1990ರಲ್ಲಿ ಹೈಕಮಾಂಡ್ ಇಳಿಸಿತು.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ: ಚಾಮರಾಜನಗರಕ್ಕೆ ಹೋಗದವರು ಉಳಿದರೇ? 1983ರಿಂದ 2013ರವರೆಗಿನ 30 ವರ್ಷದಲ್ಲಿ ಕರ್ನಾಟಕ ಕಂಡದ್ದು 13 ಮುಖ್ಯಮಂತ್ರಿಗಳನ್ನು. ಸರಾಸರಿ ಎರಡು ವರ್ಷ ಚಿಲ್ಲರೆ. ಐದು ವರ್ಷದ ಅವಧಿ ಪೂರ್ಣ ಮಾಡಿದವರನ್ನು ಕೈಬೆರಳಲ್ಲಿ ಎಣಿಸಬಹುದು. ಇಂಥ ಕಡೆ ಮುಖ್ಯಮಂತ್ರಿ ಯಾವ ಊರಿಗೆ ಹೋದರೂ ಸ್ವಲ್ಪ ದಿನಕ್ಕೆ ಕುರ್ಚಿ ಹೋಗುತ್ತದೆ. ಭಾಲ್ಕಿಗೆ ಬಂದು ಹೋದ ಮುಖ್ಯಮಂತ್ರಿಗಳ ಪಟ್ಟಿ ಮಾಡಿದರೂ ಇದೇ ಶಾಪ ಸಿಗುತ್ತದೆ. ಯಾರೂ ಆ ಪಟ್ಟಿ ಮಾಡಲಿಲ್ಲ, ಅಷ್ಟೇ. ಸಿದ್ದರಾಮಯ್ಯ 2013ರಿಂದ ಮತ್ತೆ ಮತ್ತೆ ಚಾಮರಾಜನಗರಕ್ಕೆ ಹೋಗಿ 2018ರಲ್ಲಿ ಪೂರ್ಣಾವಧಿ ಮುಗಿಸಿದರು, 2023ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ಆದರೆ ಅದಕ್ಕೆ ಮುಂಚಿನ ವರ್ಷಗಳಲ್ಲಿ ಮುಖ್ಯಮಂತ್ರಿ ಕಾಲಿಡದ ಜಿಲ್ಲಾ ಕೇಂದ್ರದ ಜನ ತಮ್ಮ ಅಹವಾಲು ಹೇಳಿಕೊಳ್ಳಲು ಬೇರೆ ಊರಿಗೆ ಹೋಗಬೇಕಾಯಿತಲ್ಲ, ಆ ನಷ್ಟ ಮಾತ್ರ ನಿಜವಾದದ್ದು.

ನಾಗವಲ್ಲಿಯ ಮಾತು

ಹಾರರ್ ಸಿನಿಮಾದ ಶಾಪ ಎಂದರೆ ಕನ್ನಡಿಗರಿಗೆ ನೆನಪಾಗುವುದು 'ಆಪ್ತಮಿತ್ರ'. ನಟಿ ಸೌಂದರ್ಯ 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಚುನಾವಣಾ ಪ್ರಚಾರಕ್ಕೆಂದು ಹೊರಟ ಸಣ್ಣ ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೇ ಬಿದ್ದು ಅವರೂ ಅವರ ಅಣ್ಣನೂ ಸೇರಿ ನಾಲ್ವರು ತೀರಿಕೊಂಡರು. ಚಿತ್ರ ತೆರೆ ಕಂಡದ್ದು ಅದೇ ಆಗಸ್ಟ್‌ನಲ್ಲಿ. ಮುಂದಿನ ಭಾಗ 'ಆಪ್ತರಕ್ಷಕ' ಬಿಡುಗಡೆಯಾಗುವ ಮೊದಲೇ, 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಹೃದಯಾಘಾತದಿಂದ ನಿಧನರಾದರು. ಎರಡು ಸಾವನ್ನು ಒಂದು ದಾರದಲ್ಲಿ ಪೋಣಿಸಿ, ಚಿತ್ರದಲ್ಲಿ ಬರುವ ನಾಗವಲ್ಲಿಯ ಪಟವನ್ನು ಮಧ್ಯೆ ಇಟ್ಟು, 'ನಾಗವಲ್ಲಿ ಶಾಪ' ಎಂಬ ಮಾತು ಹಬ್ಬಿತು. ಇಬ್ಬರೂ ಜನ ಪ್ರೀತಿಸಿದ ಕಲಾವಿದರು. ಅಷ್ಟು ದೊಡ್ಡ ದುಃಖಕ್ಕೆ ಅಷ್ಟೇ ದೊಡ್ಡ ಕಾರಣ ಬೇಕೆಂದು ಮನಸ್ಸು ಹುಡುಕುವುದು ನಮಗೆ ಅರ್ಥವಾಗುತ್ತದೆ.

ಆದರೆ ಈ ಶಾಪಕ್ಕೆ ಒಂದು ಅಪರೂಪದ ಅನುಕೂಲವಿದೆ. ಅದನ್ನು ಪರೀಕ್ಷಿಸಬಹುದು. ಇದೇ ಕಥೆ ಐದು ಭಾಷೆಯಲ್ಲಿ ಸಿನಿಮಾ ಆಗಿದೆ. ಮೂಲ 1993ರ ಮಲಯಾಳಂನ 'ಮಣಿಚಿತ್ರತ್ತಾಳ್'. ಅದರಲ್ಲಿ ಭೂತ ಹಿಡಿದವಳಂತೆ ಕುಣಿದ ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂತು, ಈಗಲೂ ಅವರು ನರ್ತಿಸುತ್ತಿದ್ದಾರೆ. ತಮಿಳಿನ 'ಚಂದ್ರಮುಖಿ' 2005ರಲ್ಲಿ ರಜನಿಕಾಂತ್ ಅವರಿಗೆ ಭಾರಿ ಯಶಸ್ಸು ತಂದಿತು, ಜ್ಯೋತಿಕಾ ಇಂದಿಗೂ ನಟಿಸುತ್ತಿದ್ದಾರೆ. ಹಿಂದಿಯ 'ಭೂಲ್ ಭುಲೈಯಾ' 2007ರಲ್ಲಿ ಬಂದ ಮೇಲೆ ವಿದ್ಯಾ ಬಾಲನ್ ವೃತ್ತಿ ಏರುಗತಿಯಲ್ಲೇ ಸಾಗಿತು. ಬಂಗಾಳಿಯಲ್ಲೂ ಒಂದು ಬಂತು. ನಿರ್ದೇಶಕ ಪಿ. ವಾಸು 'ಆಪ್ತಮಿತ್ರ', 'ಚಂದ್ರಮುಖಿ', 'ಆಪ್ತರಕ್ಷಕ', ತೆಲುಗಿನ 'ನಾಗವಲ್ಲಿ', 2023ರ 'ಚಂದ್ರಮುಖಿ 2' ಎಲ್ಲವನ್ನೂ ಮಾಡಿದವರು. ಶಾಪ ತಟ್ಟುವುದಿದ್ದರೆ ಮೊದಲು ತಟ್ಟಬೇಕಾದದ್ದು ಅವರಿಗೆ. 'ಆಪ್ತಮಿತ್ರ'ದ ನಿರ್ಮಾಪಕ ದ್ವಾರಕೀಶ್ ಚಿತ್ರ ಬಂದು 20 ವರ್ಷಕ್ಕೆ, 2024ರಲ್ಲಿ, 81ನೇ ವಯಸ್ಸಿನಲ್ಲಿ ತೀರಿಕೊಂಡರು.

ನೂರಾರು ಜನ ಕೆಲಸ ಮಾಡಿದ ಚಿತ್ರಗಳ ಪೈಕಿ ಎರಡು ಸಾವನ್ನು ಆರಿಸಿ ಉಳಿದವರನ್ನು ಬಿಟ್ಟುಬಿಡುವುದು, ಗೋಡೆಗೆ ಗುಂಡು ಹೊಡೆದು ಆಮೇಲೆ ಅದರ ಸುತ್ತ ಗುರಿಯ ವೃತ್ತ ಬರೆದಂತೆ. ಇನ್ನೊಂದು ವಿಚಿತ್ರವೆಂದರೆ ಆ ಚಿತ್ರದ ಕಥೆಯೇ ಬೇರೆ ಮಾತು ಹೇಳುತ್ತದೆ. ಅದರಲ್ಲಿ ವಿಷ್ಣುವರ್ಧನ್ ಮಾಡಿದ್ದು ಮನೋವೈದ್ಯನ ಪಾತ್ರ. ಗಂಗಾಳ ಮೈಮೇಲೆ ಬಂದದ್ದು ದೆವ್ವವಲ್ಲ, ಮನಸ್ಸಿನ ಕಾಯಿಲೆ ಎಂದು ತೋರಿಸುವುದೇ ಆ ವೈದ್ಯನ ಕೆಲಸ.

ವಸ್ತುವಿಗೆ 'ಅಂಟಿಕೊಳ್ಳುವ' ಭಯ

ಲೆಕ್ಕ ಗೊತ್ತಿದ್ದವರಿಗೂ ತಲೆಬುರುಡೆಯ ಟ್ರೋಫಿಯನ್ನು ಮಲಗುವ ಕೋಣೆಯಲ್ಲಿಡಲು ಕಸಿವಿಸಿಯಾಗುತ್ತದೆ. ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ರೋಗಾಣುಮುಕ್ತ ಮಾಡಿದ ಸತ್ತ ಜಿರಲೆಯನ್ನು ಹಣ್ಣಿನ ರಸಕ್ಕೆ ಮುಳುಗಿಸಿ ತೆಗೆದರು. ಅಪಾಯವಿಲ್ಲವೆಂದು ಗೊತ್ತಿದ್ದರೂ ಕುಡಿಯಲು ಜನ ಹಿಂಜರಿದರು. ಸಕ್ಕರೆಯ ಬಾಟಲಿಗೆ ಸ್ವತಃ ತಾವೇ ವಿಷ ಎಂಬ ಚೀಟಿ ಅಂಟಿಸಿದವರೂ ಆ ಸಕ್ಕರೆ ಬೇಡವೆಂದರು. ಒಮ್ಮೆ ತಾಕಿದ್ದು ಸದಾ ತಾಕಿಕೊಂಡೇ ಇರುತ್ತದೆ ಎಂಬುದು ಮನಸ್ಸಿನ ಹಳೆಯ ನಿಯಮ. ರೋಗ ಹರಡುವ ಕಾಲದಲ್ಲಿ ಅದು ಜೀವ ಉಳಿಸಿರಬಹುದು. ಟ್ರೋಫಿಯ ವಿಷಯದಲ್ಲಿ ದಾರಿ ತಪ್ಪಿಸುತ್ತದೆ.

ಬಹಮನಿಗಳ ರಾಜಧಾನಿ ಬೀದರ್. ಆ ರಾಜ್ಯ ಒಡೆದಾಗ ಹುಟ್ಟಿದ ರಾಜ್ಯಗಳಲ್ಲಿ ಗೋಲ್ಕೊಂಡವೂ ಒಂದು. ಲೋಕಪ್ರಸಿದ್ಧ 'ಶಾಪಗ್ರಸ್ತ' ಹೋಪ್ ವಜ್ರ ಬಂದದ್ದು ಅದೇ ಗೋಲ್ಕೊಂಡದ ಗಣಿಗಳ ಕಡೆಯಿಂದ ಎಂದು ನಂಬಲಾಗಿದೆ. ಅದರ ಮೂಲ ಕಲ್ಲನ್ನು ಫ್ರಾನ್ಸಿಗೆ ಒಯ್ದ ವ್ಯಾಪಾರಿ ತಾವೆರ್ನಿಯೇಯನ್ನು ನಾಯಿಗಳು ಹರಿದು ತಿಂದವು ಎಂದು ಕಥೆ ಹೇಳುತ್ತದೆ. ವಾಸ್ತವದಲ್ಲಿ ಆತ 80 ದಾಟಿ ಬದುಕಿ ರಷ್ಯಾ ಪ್ರಯಾಣದಲ್ಲಿ ತೀರಿಕೊಂಡ. ಶಾಪದ ಕಥೆ ಮೆರುಗು ಪಡೆದದ್ದು 20ನೇ ಶತಮಾನದ ಆರಂಭದಲ್ಲಿ, ಪತ್ರಿಕೆಗಳಿಂದ ಮತ್ತು ಅದನ್ನು ಮಾರಲು ಹೊರಟ ಆಭರಣ ವ್ಯಾಪಾರಿಯಿಂದ. ಶಾಪವಿದ್ದರೆ ಬೆಲೆ ಏರುತ್ತದೆ! ಹಾರರ್ ಸಿನಿಮಾ ಮಾಡುವವರಿಗೂ ಈ ಗುಟ್ಟು ಚೆನ್ನಾಗಿ ಗೊತ್ತು.

ನಂಬಿಕೆಯಿಂದಲೇ ಆಟ ಕೆಡುತ್ತದೆಯೇ?

ಇಲ್ಲಿ ಉತ್ತರ ಅಷ್ಟು ನೇರವಿಲ್ಲ. 2010ರಲ್ಲಿ ಜರ್ಮನಿಯ ಸಂಶೋಧಕರು ಗಾಲ್ಫ್ ಚೆಂಡನ್ನು ಕೊಡುವಾಗ ಇದು ಅದೃಷ್ಟದ ಚೆಂಡು ಎಂದು ಹೇಳಿದರೆ ಜನ ಹೆಚ್ಚು ಸಲ ಕುಳಿಗೆ ಹಾಕುತ್ತಾರೆ ಎಂದು ವರದಿ ಮಾಡಿದರು. ಸುದ್ದಿ ಎಲ್ಲ ಕಡೆ ಹರಡಿತು. 2014ರಲ್ಲಿ ಬೇರೆ ಸಂಶೋಧಕರು ಹೆಚ್ಚು ಜನರನ್ನಿಟ್ಟು ಅದೇ ಪ್ರಯೋಗ ಮಾಡಿದಾಗ ಅಂಥ ಪರಿಣಾಮ ಕಾಣಲಿಲ್ಲ. ಆದ್ದರಿಂದ ಅದೃಷ್ಟದ ಚೆಂಡು, ಅದೃಷ್ಟದ ಕರವಸ್ತ್ರದ ಬಲದ ಬಗ್ಗೆ ನಾವು ಭರವಸೆ ಕೊಡಲಾರೆವು.

ಒತ್ತಡದಲ್ಲಿ ಆಟ ಕೆಡುವುದು ಮಾತ್ರ ಚೆನ್ನಾಗಿ ಗೊತ್ತಿರುವ ಸಂಗತಿ. ಅಭ್ಯಾಸದಿಂದ ತಾನಾಗಿಯೇ ಆಗುವ ಎಸೆತವನ್ನು ಎಲ್ಲರೂ ನೋಡುತ್ತಿದ್ದಾರೆ ಎಂಬ ಎಚ್ಚರದಲ್ಲಿ ಬಿಡಿಬಿಡಿಯಾಗಿ ಯೋಚಿಸಿ ಮಾಡಲು ಹೋದರೆ ಕೈ ತಪ್ಪುತ್ತದೆ. ಟ್ರೋಫಿ ಹಿಡಿದವನ ಮೇಲೆ ಎಲ್ಲರ ಕಣ್ಣು ಇರುತ್ತದೆ. ಒಂದು ಎಸೆತ ತಪ್ಪಿದ ಕೂಡಲೇ ಗೆಳೆಯರು 'ಶಾಪ' ಎಂದು ಕೂಗಿದರೆ ಎರಡನೆಯದೂ ತಪ್ಪಬಹುದು. ಇದರಲ್ಲಿ ದೋಷ ಗೆಳೆಯರದು, ಗೊಂಬೆಯದಲ್ಲ.

ದಾಟಿಸಿದರೆ ಮುಕ್ತಿ

ಶಾಪ ಕಳೆಯಲು ವಸ್ತುವನ್ನು ಇನ್ನೊಬ್ಬರಿಗೆ ದಾಟಿಸಬೇಕು ಎಂಬ ಕಲ್ಪನೆ 1998ರ ಜಪಾನಿ ಚಿತ್ರ 'ರಿಂಗು'ವಿನಲ್ಲಿದೆ. ನಮ್ಮಲ್ಲಿ ಅದಕ್ಕಿಂತ ಬಹಳ ಮೊದಲೇ ಇತ್ತು. ಈ ಕರಪತ್ರ ಓದಿದವರು ಇಷ್ಟು ಪ್ರತಿ ಅಚ್ಚು ಹಾಕಿಸಿ ಹಂಚದಿದ್ದರೆ ಕೆಡುಕು ಎಂದು ಹೆದರಿಸುವ ಕಾಗದ ಬಸ್ ಸ್ಟ್ಯಾಂಡಿನಲ್ಲಿ ಕೈಗೆ ಬಾರದವರಾರು? ಈಗ ಅದು ವಾಟ್ಸ್ಆ್ಯಪ್‌ಗೆ ಬಂದಿದೆ. 1990ರ ದಶಕದಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ಪಕ್ಕದ ಮನೆಗೆ ಕಳಿಸಿದ್ದೂ ಇದೇ ಲೆಕ್ಕದ್ದು.

ದಾಟಿಸಿದ ಮೇಲೆ ನಿಜಕ್ಕೂ ಒಳ್ಳೆಯದಾಗುವಂತೆ ಕಾಣುತ್ತದೆ, ಏಕೆಂದರೆ ನಾವು ದಾಟಿಸುವುದು ಆಟ ತೀರ ಕೆಟ್ಟಾಗ. ತೀರ ಕೆಟ್ಟದ್ದರ ನಂತರ ಸರಾಸರಿಗೆ ಬರುವುದೆಂದರೆ ಮೇಲಕ್ಕೆ ಬರುವುದು. ಯಂತ್ರ ಕಟ್ಟಿಸಿದ, ದೃಷ್ಟಿ ತೆಗೆಸಿದ, ನಿಂಬೆ ಇಳಿಸಿದ ಮೇಲೆ 'ಫರಕ್ ಕಂಡಿತು' ಎನ್ನುವವರು ಸುಳ್ಳು ಹೇಳುತ್ತಿಲ್ಲ. ಸೊಂಟನೋವು, ಮೈಗ್ರೇನ್, ಕೀಲುನೋವುಗಳು ಏರಿಳಿಯುತ್ತಲೇ ಇರುತ್ತವೆ. ನೋವು ತುತ್ತತುದಿಗೆ ಹೋದ ದಿನವೇ ನಾವು ತಾಯಿತ ಹುಡುಕಿಕೊಂಡು ಹೋಗುತ್ತೇವೆ. ಮರುವಾರ ಇಳಿದ ನೋವಿನ ಹೆಸರು ತಾಯಿತದ ಖಾತೆಗೆ ಜಮೆ. ಔಷಧದ ಪರೀಕ್ಷೆಯಲ್ಲಿ ಔಷಧ ಕೊಡದ ಇನ್ನೊಂದು ಗುಂಪನ್ನು ಇಟ್ಟುಕೊಳ್ಳಬೇಕಾದ ಕಾರಣಗಳಲ್ಲಿ ಇದೂ ಒಂದು.

ತಮಾಷೆ ಮುಗಿಯುವ ಜಾಗ

ಡಿಸ್ಕ್ ಗಾಲ್ಫ್ ಲೀಗಿನಲ್ಲಿ ಶಾಪ ಗೊಂಬೆಯ ಮೇಲಿರುತ್ತದೆ, ಯಾರಿಗೂ ನಷ್ಟವಿಲ್ಲ. ಬೀದರ್, ಕಲಬುರಗಿ ಕಡೆ ಮತ್ತು ಗಡಿಯಾಚೆಯ ತೆಲಂಗಾಣ, ಮಹಾರಾಷ್ಟ್ರದ ಹಳ್ಳಿಗಳಲ್ಲಿ ಅದು ವಸ್ತುವಿನಿಂದ ಮನುಷ್ಯರ ಮೇಲೆ ಜಾರುತ್ತದೆ. ಅದಕ್ಕೆ ಭಾನಾಮತಿ ಎನ್ನುತ್ತಾರೆ, ಕರಣಿ ಎನ್ನುತ್ತಾರೆ. ಎಮ್ಮೆ ಹಾಲು ಬತ್ತಿದರೆ, ಮಗುವಿಗೆ ಜ್ವರ ಬಂದರೆ, ಹುಡುಗಿ ಕೂಗಾಡಿದರೆ 'ಮಾಡಿಸಿದವರು ಯಾರು' ಎಂಬ ಹುಡುಕಾಟ ಶುರುವಾಗುತ್ತದೆ. ಬೆರಳು ಹೋಗಿ ನಿಲ್ಲುವುದು ಹೆಚ್ಚಾಗಿ ಒಂಟಿ ಮುದುಕಿ, ವಿಧವೆ, ಬಡವನ ಮನೆಯ ಮುಂದೆ. ಇಂಥ ಅನುಮಾನದಲ್ಲಿ ಜನರನ್ನು ಹೊಡೆದ, ಕೊಂದ ಘಟನೆಗಳು ನಡೆದಿವೆ. ಕೂಗಾಡುವ ಹುಡುಗಿಗೆ ಸಿಗಬೇಕಾದ ಮನೋವೈದ್ಯರ ಚಿಕಿತ್ಸೆ ಈ ಗಲಾಟೆಯಲ್ಲಿ ತಪ್ಪಿಹೋಗುತ್ತದೆ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸುವ ಸಮಿತಿ ಕಟ್ಟಿದಾಗ ದೇಶದಲ್ಲೆಲ್ಲ ಚರ್ಚೆಯಾಯಿತು. ಕಾನೂನು ಬರಲು ಬಹಳ ಕಾಲ ಹಿಡಿಯಿತು. ಮಹಾರಾಷ್ಟ್ರದಲ್ಲಿ 2013ರಲ್ಲಿ ಬಂತು. ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ 2017ರದು, 2020ರಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು, ಹಾವು, ಚೇಳು, ನಾಯಿ ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದು ಅದರಡಿ ಅಪರಾಧ. ಶಿಕ್ಷೆ 1ರಿಂದ 7 ವರ್ಷ ಜೈಲು, ಜೊತೆಗೆ ದಂಡ. ನಿಮ್ಮೂರಲ್ಲಿ ಇಂಥದ್ದು ನಡೆಯುತ್ತಿದ್ದರೆ ಪೊಲೀಸ್ ಠಾಣೆಗೆ ತಿಳಿಸಬಹುದು.

ಶಾಪದ ಮಾತು ಇನ್ನೊಂದು ಕೆಲಸವನ್ನೂ ಮಾಡುತ್ತದೆ, ಹೊಣೆಗಾರರನ್ನು ಮರೆಮಾಡುತ್ತದೆ. ಆರ್‌ಸಿಬಿ ಕಪ್ ಗೆದ್ದ ಮರುದಿನ, 2025ರ ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಇಂಥ ಸಾವಿಗೆ ವಿಧಿ, ದೃಷ್ಟಿ ಎಂದುಬಿಟ್ಟರೆ ಎಷ್ಟು ಗೇಟು ತೆರೆದಿತ್ತು, ಎಷ್ಟು ಜನರಿಗೆ ಜಾಗವಿತ್ತು, ಅನುಮತಿ ಕೊಟ್ಟವರಾರು ಎಂಬ ಪ್ರಶ್ನೆಗಳನ್ನು ಕೇಳುವವರು ಉಳಿಯುವುದಿಲ್ಲ.

ನಿಮ್ಮ ಕಪ್ಪಿಗೆ ಶಾಪವಿದೆಯೇ? ಹೀಗೆ ನೋಡಿ

ಒಂದು ನೋಟ್‌ಬುಕ್ ಇಡಿ. ಕಪ್ ಯಾರ ಬಳಿ ಇದೆ, ಅವರ ಮುಂದಿನ ಹತ್ತು ಪಂದ್ಯಗಳ ಫಲಿತಾಂಶವೇನು ಎಂದು ಬರೆಯಿರಿ. ಗೆದ್ದದ್ದನ್ನೂ ಬರೆಯಬೇಕು, ಸೋತದ್ದನ್ನು ಮಾತ್ರವಲ್ಲ. ಹೋಲಿಕೆಗೆ ಕಪ್ ಗೆದ್ದ ದಿನದ ಆಟವನ್ನು ತೆಗೆದುಕೊಳ್ಳಬೇಡಿ, ಅದಕ್ಕೆ ಹಿಂದಿನ ಇಡೀ ವರ್ಷದ ಸರಾಸರಿ ತೆಗೆದುಕೊಳ್ಳಿ. ಇನ್ನೂ ಗಟ್ಟಿ ಪರೀಕ್ಷೆ ಬೇಕೆಂದರೆ, ಕಪ್ಪನ್ನು ಗೆದ್ದವರಿಗೆ ಕೊಡದೆ ಚೀಟಿ ಎತ್ತಿ ಯಾವುದಾದರೂ ಒಂದು ತಂಡದ ಮನೆಗೆ ಕಳಿಸಿ. ಚೀಟಿಯಲ್ಲಿ ಬಂದ ಕಪ್ ಹಿಡಿದವರೂ ತಮ್ಮ ಸರಾಸರಿಗಿಂತ ಕೆಳಗೆ ಬೀಳುತ್ತಲೇ ಹೋದರೆ ನಮಗೆ ಬರೆದು ತಿಳಿಸಿ, ನಾವೇ ಬಂದು ಎಣಿಸುತ್ತೇವೆ. ಗೆದ್ದವರ ಕೈಯಲ್ಲಿ ಮಾತ್ರ ಕೆಲಸ ಮಾಡಿ, ಚೀಟಿಯಲ್ಲಿ ಬಂದವರ ಕೈಯಲ್ಲಿ ಸುಮ್ಮನಿರುವ ಶಾಪವಾದರೆ, ಕಪ್ಪನ್ನು ಒರೆಸಿ ಕಪಾಟಿನ ಮುಂದಿನ ಸಾಲಿನಲ್ಲಿ ಇಡಿ.